ನಲವತ್ತು ಮಿಲಿಗ್ರಾಂ ಪ್ಲಾಟಿನಂ

ಸುಳ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಪ್ಲಾಟಿನಂ ತಂತಿಯ ತೂಕ ನಲವತ್ತು ಮಿಲಿಗ್ರಾಂ ಕಡಿಮೆ ಬಂತು. ಎರಡು ಅಕ್ಕಿಕಾಳಿನಷ್ಟು. ಆದರೆ ಚಿನ್ನದಂಥ ಲೋಹ ಎಂದಮೇಲೆ ಜನರ ಕಣ್ಣು ಮೊದಲು ಹೋಗುವುದು ಬಡವರ ಸೆರಗಿನ ಕಡೆಗೆ. ತಂತಿಯನ್ನು ತೊಳೆದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದವಳು ಅಟೆಂಡರ್ ದುಗ್ಗಮ್ಮ, ಇಪ್ಪತ್ತೆರಡು ವರ್ಷದಿಂದ ಅರಂತೋಡಿನಿಂದ ಬಸ್ಸಿನಲ್ಲಿ ಬಂದುಹೋಗುವವಳು. ಅಂದಿನಿಂದ ಪ್ರತಿ ಸಂಜೆ ಗೇಟಿನಲ್ಲಿ ಅವಳ ಚೀಲ ಕೊಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಜ್ವರ ಯಾರದ್ದೆಂದು ಸುಪ್ರಿತಾಳಿಗೆ ಗೊತ್ತಿತ್ತು.

ಸುಪ್ರಿತಾ ಅಲ್ಲಿಯ ಉಪನ್ಯಾಸಕಿ, ಐದು ವರ್ಷದಿಂದ ಪಿಎಚ್.ಡಿ.ಗಾಗಿ ದುಡಿಯುತ್ತಿದ್ದವಳು. ಫ್ಯುಯೆಲ್ ಸೆಲ್ ಎಂದರೆ ಜಲಜನಕ, ಆಮ್ಲಜನಕ ಸೇರಿ ವಿದ್ಯುತ್ ಹುಟ್ಟುವ ಪೆಟ್ಟಿಗೆ. ಅವು ಬೇಗ ಸೇರಬೇಕಾದರೆ ನಡುವೆ ಪ್ಲಾಟಿನಂ ಪುಡಿ ಬೇಕು, ಅದರ ಬೆಲೆಯೇ ದೊಡ್ಡ ತಲೆನೋವು. ಅವಳು ರಬ್ಬರ್ ಬೀಜದ ಚಿಪ್ಪಿನ ಇದ್ದಿಲಿಗೆ ಚಿಟಿಕೆ ಪ್ಲಾಟಿನಂ ಸೇರಿಸಿ ಹೊಸ ಪುಡಿ ಮಾಡಿದ್ದಳು. ಬೇರೆಯವರ ಪುಡಿ ಪರೀಕ್ಷೆಯಲ್ಲಿ ದಿನ ಹೋದಂತೆ ಸೋಲುತ್ತಿತ್ತು, ಇವಳದ್ದು ಚುರುಕಾಗುತ್ತ ಹೋಯಿತು. ವಿಭಾಗದ ಮುಖ್ಯಸ್ಥ ಧರ್ಮಪಾಲರು ಸಿಹಿ ಹಂಚಿದರು. ಲೇಖನಕ್ಕೆ ವಿದೇಶದ ಪತ್ರಿಕೆಯ ಒಪ್ಪಿಗೆಯೂ ಬಂತು. ಪಿಎಚ್.ಡಿ. ನಿಂತದ್ದೇ ಆ ಲೇಖನದ ಮೇಲೆ.

ತಂತಿಯ ತೂಕ ಕಡಿಮೆ ಬಂದಿದೆ ಎಂದು ಕೇಳಿದಾಗಲೇ ಅವಳಿಗೆ ಅನುಮಾನ ಬಂದಿತ್ತು. ಆಮ್ಲದ ಪಾತ್ರೆಯಲ್ಲಿ ಒಂದು ಕಡೆ ಅವಳ ಪುಡಿ, ಎದುರಿಗೆ ಆ ತಂತಿ. ತಿಂಗಳುಗಟ್ಟಲೆ ವಿದ್ಯುತ್ ಹರಿದಾಗ ತಂತಿ ಕರಗಿ, ಅದರ ಒಂದಿಷ್ಟು ಪಾಲು ಪುಡಿಯ ಮೇಲೆ ಹೋಗಿ ಕೂತಿತ್ತು. ಚುರುಕು ಪುಡಿಯದ್ದಲ್ಲ, ಕರಗಿದ ತಂತಿಯದ್ದು. ಎದುರಿಗೆ ಗ್ರಾಫೈಟ್ ಕಡ್ಡಿ ಇಡಬೇಕಿತ್ತು. ಅದು ಮುರಿದಾಗ ಹೊಸತು ಬರುವವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ತೂಕ ಕಡಿಮೆ ಬಂದ ದಿನವೇ ಹೊಸ ಗ್ರಾಫೈಟ್ ಕಡ್ಡಿ ಇಟ್ಟು ಗುಟ್ಟಾಗಿ ಮತ್ತೆ ಪರೀಕ್ಷೆ ಮಾಡಿದಳು. ಮೂರನೆಯ ದಿನಕ್ಕೆ ಅವಳ ಪುಡಿಯೂ ಎಲ್ಲರ ಪುಡಿಯಂತೆ ಸೋತಿತು.

ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದಳು. ನಾಚಿಕೆಗೇಡು ನಿಜ, ಆದರೆ ಐದು ವರ್ಷದ ದುಡಿಮೆಯನ್ನು ಹೊಳೆಗೆ ಸುರಿಯಲು ಯಾರ ಕೈ ಸುಲಭಕ್ಕೆ ಏಳುತ್ತದೆ?

ಹನ್ನೊಂದನೆಯ ದಿನ ದುಗ್ಗಮ್ಮ ಅವಳ ಮೇಜಿನ ಎದುರು ಬಂದು ನಿಂತಳು. ಊಟ ಬಿಟ್ಟವರ ಮುಖ.

"ಮೇಡಂ, ಬರುವ ಸಂಕ್ರಮಣಕ್ಕೆ ನಾನು ನಮ್ಮೂರ ದೈವದ ಎದುರು ಪ್ರಮಾಣ ಮಾಡುದು. ಆ ತಂತಿ ಮುಟ್ಟುದು ನಾವಿಬ್ಬರೇ ಅಲ್ವಾ? ನೀವೂ ಬರಬೇಕು. ಅದು ಎಲ್ಲಿ ಹೋಯಿತು ಅಂತ ನನಗೆ ಗೊತ್ತಿಲ್ಲ ಅಂತ ಹೇಳಿದ್ರೆ ಸಾಕು."

ಸುಪ್ರಿತಾಳಿಗೆ ದೈವದ ಭಯವಿರಲಿಲ್ಲ. ಆ ಮಾತು ತನ್ನ ಬಾಯಿಂದ ಸಲೀಸಾಗಿ ಬಂದೇಬಿಟ್ಟೀತು ಎಂಬ ಭಯ.

"ಪ್ರಮಾಣ ಬೇಡ ದುಗ್ಗಕ್ಕ, ಬನ್ನಿ" ಎಂದು ಅವಳ ಕೈ ಹಿಡಿದು ಧರ್ಮಪಾಲರ ಕೋಣೆಗೆ ನಡೆದಳು, ಕೂರದೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಲೇಖನವನ್ನು ಹಿಂದಕ್ಕೆ ಪಡೆಯಬೇಕು, ಪಿಎಚ್.ಡಿ. ಮತ್ತೆ ಮೊದಲಿಂದ ಎಂದರು. ಆಮೇಲೆ ಎದ್ದು ನಿಂತು, ತಪ್ಪಾಯಿತು ದುಗ್ಗಮ್ಮ ಎಂದು ಕೈಮುಗಿದರು.

ವರಾಂಡಕ್ಕೆ ಬಂದಾಗ ಸುಪ್ರಿತಾಳಿಗೆ ಅಳು ಬರುವಂತಿತ್ತು. ಸುಳ್ಳೇಕೆ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ದುಗ್ಗಮ್ಮ ಒಂದು ಒಳ್ಳೆಯ ಮಾತು ಹೇಳಿಯಾಳು ಎಂದು ಕಾದಳು.

"ನನಗೆ ನಿಮ್ಮ ಆಸಿಡ್ಡಿನ ವಿಷಯ ಅರ್ಥ ಆಗುದಿಲ್ಲ. ಇದು ನಿಮಗೆ ಗೊತ್ತಾದ್ದು ಯಾವಾಗ ಮೇಡಂ?"

ಮೊದಲ ದಿನವೇ ಅನುಮಾನ ಬಂದಿತ್ತು, ಮೂರನೆಯ ದಿನ ಖಚಿತವಾಯಿತು ಎಂದಳು ಸುಪ್ರಿತಾ. ಅಷ್ಟಾದರೂ ಸುಳ್ಳು ಹೇಳಲಿಲ್ಲ.

ದುಗ್ಗಮ್ಮ ಮನಸ್ಸಿನಲ್ಲೇ ಎಣಿಸಿದಳು.

"ಎಂಟು ದಿನ" ಎಂದಳು. "ನಾನು ಕದ್ದದ್ದಲ್ಲ ಅಂತ ಗೊತ್ತಿದ್ದೂ ಎಂಟು ದಿನ ನಾನು ಮಾಡಿಕೊಟ್ಟ ಚಾ ಕುಡಿದ್ರಿ."