ಹುಳಿಯಣ್ಣ ಬೈದ ಕಿವಿಗುಂಡಿ

ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಹುಳಿಯಣ್ಣ ಎಂದೇ ಕರೆಯುತ್ತಿದ್ದರು. ಎಂಥ ಗಟ್ಟಿ ಹಾಲನ್ನು ಮುಂದಿಟ್ಟರೂ ಒಂದು ತೊಟ್ಟು ಹುಳಿ ಬಿಟ್ಟು ಒಡೆಸಿಬಿಡುತ್ತಾನೆ ಎನ್ನುವ ಕಾರಣಕ್ಕೆ. ಬೆನ್ನ ಹಿಂದೆ ಹುಟ್ಟಿದ ಆ ಹೆಸರು ಅವನವರೆಗೂ ಬಂದಿತ್ತು. ಅವನು ಬೇಸರಪಟ್ಟುಕೊಳ್ಳುವ ಬದಲು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದ.

ಅವನ ಕೆಲಸವೂ ಅಂಥದ್ದೇ. ವಾರಕ್ಕೊಂದು ಹೊಸ ಯಂತ್ರ ಡಬ್ಬಿಯಲ್ಲಿ ಬಂದು ಅವನ ಮೇಜಿನ ಮೇಲೆ ಕೂರುತ್ತಿತ್ತು. ಅದನ್ನು ಬಿಚ್ಚಿ, ಬಳಸಿ, ‘ತೆರೆದ ಡಬ್ಬಿ’ ಎನ್ನುವ ಅಂಕಣದಲ್ಲಿ ಬರೆಯಬೇಕು. ಉಸಿರಾಡಲು ನೆನಪಿಸುವ ಕೈಗಡಿಯಾರ ಬಂದಾಗ, ‘ಇದಿಲ್ಲದೆ ನಾವೆಲ್ಲ ಎಂದೋ ಸತ್ತುಹೋಗಿದ್ದೆವು, ಗೊತ್ತಾಗಿರಲಿಲ್ಲ ಅಷ್ಟೆ’ ಎಂದು ಬರೆದ. ಬಾಗಿಲಿಗೆ ಪರದೆ ಅಂಟಿಸಿಕೊಂಡ ಫ್ರಿಜ್ಜಿಗೆ, ‘ಸೊಪ್ಪು ಕೊಳೆತಿದೆಯೇ ಎಂದು ನೋಡಲು ಮೊದಲು ಬಾಗಿಲು ತೆಗೆದರೆ ಸಾಕಿತ್ತು, ಇನ್ನು ಮೇಲೆ ಪಾಸ್‌ವರ್ಡ್ ನೆನಪಿರಬೇಕು’ ಎಂದ. ಎಷ್ಟು ಹೊತ್ತು ಹಲ್ಲುಜ್ಜಿದಿರಿ ಎಂದು ಫೋನಿಗೆ ವರದಿ ಒಪ್ಪಿಸುವ ಬ್ರಷ್ಷಿಗೆ ಚಾಡಿಕೋರ ಎಂದು ಹೆಸರಿಟ್ಟ. ಓದುಗರು ಬಿದ್ದು ಬಿದ್ದು ನಕ್ಕರು.

ಹಾಗೆಂದು ಹಳೆಯ ಸಾಮಾನುಗಳ ಮೇಲೆ ಅವನಿಗೆ ಪ್ರೀತಿಯಿತ್ತೆಂದು ತಿಳಿಯಬೇಡಿ. ಕಾಲೇಜಿನ ಹುಡುಗಿಯರು ಅಪ್ಪನ ಕಾಲದ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಅಟ್ಟದಿಂದಿಳಿಸಿ ಮಸುಕು ಮಸುಕು ಫೋಟೊ ತೆಗೆದು ಕೊಂಡಾಡುತ್ತಿದ್ದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕ್ಯಾಸೆಟ್ಟು ಮತ್ತೆ ಬಂದಿದೆ ಎಂದು ಯಾರೋ ಸಂಭ್ರಮಪಟ್ಟಾಗ, ಆ ಬುಸ್ಸೆನ್ನುವ ಸದ್ದಿನಿಂದ ಪಾರಾಗಲು ತಾವು ಎಷ್ಟು ಒದ್ದಾಡಿದ್ದೆವು, ಟೇಪು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಹೇಗೆ ಸುತ್ತುತ್ತಿದ್ದೆವು ಎಂದು ಅರ್ಧ ಪುಟ ಬರೆದು, ಕೊನೆಗೆ ‘ಬಿಟ್ಟುಹೋದ ಹಲ್ಲುನೋವನ್ನು ಯಾರೂ ಮನೆಗೆ ಕರೆಯುವುದಿಲ್ಲ’ ಎಂದು ಮುಗಿಸಿದ. ಹೊಸದು ಠಕ್ಕು, ಹಳೆಯದು ಗುಜರಿ. ಈ ಎರಡರ ನಡುವೆ ಅವನಿಗೆ ಮೆಚ್ಚುಗೆಯಾಗುವಂಥದ್ದು ಏನೂ ಉಳಿದಿರಲಿಲ್ಲ.

ವಿಚಿತ್ರವೆಂದರೆ ಯಂತ್ರಗಳನ್ನು ಬಿಟ್ಟು ಅವನಿಗೆ ಬೇರೆ ಪ್ರಪಂಚವೂ ಇರಲಿಲ್ಲ. ಮನೆಯ ಒಂದು ಕೋಣೆ ತುಂಬ ಡಬ್ಬಿಗಳು, ಗೋಡೆಯ ಉದ್ದಕ್ಕೂ ಚಾರ್ಜರುಗಳು, ಹಾವಿನ ಮರಿಗಳ ಹಾಗೆ ಸುತ್ತಿಕೊಂಡ ವೈರುಗಳು. ಹೆಂಡತಿ ಬಿಟ್ಟುಹೋಗುವಾಗ ಜಗಳವನ್ನೇನೂ ಆಡಿರಲಿಲ್ಲ. ಈ ಮನೆಯಲ್ಲಿ ಚಾರ್ಜ್ ಆಗದೆ ಉಳಿದವಳು ನಾನೊಬ್ಬಳೇ ಎಂದಷ್ಟೇ ಹೇಳಿ ಪೆಟ್ಟಿಗೆ ಎತ್ತಿಕೊಂಡಿದ್ದಳು. ಅವನು ಆ ಮಾತನ್ನೂ ಮುಂದಿನ ವಾರದ ಅಂಕಣದಲ್ಲಿ ಬಳಸಿಕೊಂಡ.

ಉಳಿದಿದ್ದವಳು ಅಕ್ಕ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಮದುವೆಯ ಗೋಜಿಗೆ ಹೋಗದವಳು, ಡ್ರೈವಿಂಗ್ ಶಾಲೆಯೊಂದರಲ್ಲಿ ಕಾರು ಕಲಿಸುತ್ತಿದ್ದವಳು. ಊರಿನ ಅರ್ಧ ಜನ ಅವಳ ಕೈಕೆಳಗೆ ಕ್ಲಚ್ಚು ಒತ್ತಲು ಕಲಿತವರು. ಎಂಥ ಪುಕ್ಕಲರನ್ನೂ ಅವಳು ಸ್ಟಿಯರಿಂಗಿನ ಮುಂದೆ ಕೂರಿಸಿ ಮುಖ್ಯರಸ್ತೆಗೆ ಇಳಿಸುತ್ತಿದ್ದಳು. ತಮ್ಮನ ಅಂಕಣವನ್ನು ಒಂದು ವಾರವೂ ತಪ್ಪಿಸದೆ ಓದುತ್ತಿದ್ದಳು. ಮಿಕ್ಸಿಯಿಂದ ಹಿಡಿದು ಫೋನಿನವರೆಗೆ ಅವನು ಬೇಡ ಎಂದದ್ದನ್ನು ಅವಳು ಕೊಂಡವಳಲ್ಲ. ಅವನು ಬೇಕು ಎಂದದ್ದು ಯಾವುದೂ ಇರಲಿಲ್ಲವಾದ್ದರಿಂದ ಅವಳ ಮನೆ ಬಹಳ ಖಾಲಿಯಾಗಿತ್ತು.

ಒಂದು ದಿನ ಅವನ ಮೇಜಿಗೆ ಒಂದು ಜೊತೆ ಕಿವಿಗುಂಡಿ ಬಂತು. ಹಾಡು ಕೇಳಲು ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಗುಂಡಿಗಳನ್ನು ಅವನು ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದ. ಈ ಸಲದ್ದರಲ್ಲಿ ಹೊಸತೊಂದು ಸೇರಿತ್ತು: ಕಿವಿ ಸ್ವಲ್ಪ ಮಂದವಾದವರಿಗೆ ಎದುರಿನವರ ಮಾತನ್ನು ಎತ್ತಿ ಕೇಳಿಸುತ್ತದೆಯಂತೆ. ಅವನು ಹಾಕಿಕೊಂಡು ಕಚೇರಿಯ ಕ್ಯಾಂಟೀನಿನಲ್ಲಿ ಒಂದು ಸುತ್ತು ಬಂದ. ಚಮಚ ಬಿದ್ದರೆ ಸಿಡಿಲು ಬಿದ್ದಂತಾಯಿತು, ಯಾರೋ ಕಾಗದ ಮಡಚಿದರೆ ಕಾಡು ಮುರಿದಂತಾಯಿತು. ಕಿತ್ತು ಜೇಬಿಗೆ ಹಾಕಿಕೊಂಡ. ಕಿವಿ ಮಂದವಾದವರ ಕೈಗೆ ಅದನ್ನು ಕೊಟ್ಟು ನೋಡಬೇಕೆಂದು ಅವನಿಗೆ ತೋಚಲೇ ಇಲ್ಲ. ಬರೆದದ್ದು ಮಾತ್ರ ಭರ್ಜರಿಯಾಗಿತ್ತು. ‘ಕಿವುಡರಿಗೆ ಕಿವಿ ಕೊಡುತ್ತೇವೆ ಎನ್ನುತ್ತಾರೆ. ಇದು ಕೊಡುವುದು ತಲೆನೋವು. ವಯಸ್ಸಾಯಿತೆಂದು ಒಪ್ಪಿಕೊಳ್ಳಲು ನಾಚಿಕೆಪಡುವವರು ಕಿವಿಗೆ ನೇತುಹಾಕಿಕೊಳ್ಳುವ ಆಭರಣ.’ ಆ ವಾರ ಓದುಗರ ಪತ್ರಗಳ ಸುರಿಮಳೆ. ಸಂಪಾದಕಿ ತಾನೇ ಎದ್ದು ಬಂದು ಬೆನ್ನು ತಟ್ಟಿದಳು.

ಅಂಕಣ ಅಚ್ಚಾದ ಮರುದಿನ ಅಕ್ಕನ ಫೋನು ಬಂತು. ಅದೂ ಇದೂ ಮಾತಾಡಿ, ಆ ಗುಂಡಿಗಳು ನಿಜವಾಗಲೂ ಅಷ್ಟು ಕೆಟ್ಟದಾಗಿವೆಯೇ ಎಂದು ಕೇಳಿದಳು. ಯಾರಿಗೆ ಎಂದು ಇವನು ಕೇಳಿದ್ದಕ್ಕೆ, ಶಾಲೆಯಲ್ಲಿ ಒಬ್ಬಳಿಗೆ ಎಂದಳು. ಅವಳಿಗೆ ಇಂಥ ಆಟಿಕೆಗಳ ಹುಚ್ಚು ಬಿಟ್ಟು ಬೇರೆ ಏನಾದರೂ ಕೆಲಸ ನೋಡಿಕೊಳ್ಳಲು ಹೇಳು ಎಂದು ಇವನು ನಕ್ಕ. ಅಕ್ಕ ಏನು ಎಂದು ಎರಡು ಸಲ ಕೇಳಿದಳು. ಲೈನು ಸರಿಯಿಲ್ಲವೆಂದುಕೊಂಡು, ಫೋನು ತಯಾರಿಸಿದವರನ್ನು ಬೈದು ಇಟ್ಟ.

ಅದಾಗಿ ವರ್ಷ ತುಂಬುವಷ್ಟರಲ್ಲಿ ಅಕ್ಕನ ಕಾರಿಗೆ ಅಪಘಾತವಾಯಿತು. ಬ್ಯಾಂಕಿನ ಗುಮಾಸ್ತೆಯೊಬ್ಬಳು ಸ್ಟಿಯರಿಂಗಿನ ಮುಂದಿದ್ದಳು, ಅಕ್ಕ ಪಕ್ಕದ ಸೀಟಿನಲ್ಲಿ. ಓಣಿಯಿಂದ ಹಿಂದಕ್ಕೆ ತೆಗೆಯುವ ಪಾಠ. ಹಿಂದಿನಿಂದ ಹಾಲಿನ ವ್ಯಾನು ಹಾರನ್ ಬಾರಿಸುತ್ತ ಬರುತ್ತಿತ್ತು. ಅಕ್ಕ, ಬಿಡು ಬಿಡು, ಧೈರ್ಯವಾಗಿ ಬಿಡು ಎನ್ನುತ್ತಲೇ ಇದ್ದಳು. ಗುಮಾಸ್ತೆ ಏನೋ ಅಂದಳು, ಅಕ್ಕ ತಲೆಯಾಡಿಸಿದಳು. ಕಾರಿನ ಹಿಂಭಾಗ ಅಪ್ಪಚ್ಚಿಯಾಗಿ, ರಸ್ತೆ ತುಂಬ ಹಾಲಾಗಿ, ಗುಮಾಸ್ತೆಯ ಮಣಿಕಟ್ಟು ಮುರಿಯಿತು. ಶಾಲೆಯ ಯಜಮಾನ ಅಕ್ಕನನ್ನು ಕಾರಿನಿಂದ ಇಳಿಸಿ ಮನೆಗೆ ಕಳಿಸಿದ. ಕನ್ನಡಿಯಲ್ಲಿ ಬಿಸಿಲು ಹೊಡೆಯಿತು ಎಂದು ಅವಳು ಎಲ್ಲರಿಗೂ ಹೇಳಿದಳು. ತಮ್ಮನಿಗೂ ಅದನ್ನೇ ಹೇಳಿದಳು. ಅವನು ನಂಬಿ, ಕಾರಿನ ಹಿಂದೆ ಕ್ಯಾಮೆರಾ ಇಟ್ಟು ಚಾಲಕರ ಕುತ್ತಿಗೆಯನ್ನೇ ಜಡಗಟ್ಟಿಸಿದ ಕಂಪನಿಗಳ ಬಗ್ಗೆ ಒಂದು ಅಂಕಣ ಬರೆದ.

ಭಾನುವಾರ ಅವಳನ್ನು ನೋಡಲು ಹೋದಾಗ ಟಿವಿ ಸದ್ದಿಲ್ಲದೆ ಓಡುತ್ತಿತ್ತು. ಅಕ್ಕ ಕೆಳಗೆ ಮೂಡುವ ಅಕ್ಷರಗಳನ್ನು ಓದುತ್ತಿದ್ದಳು. ಪರದೆಗಳು ಮನುಷ್ಯರನ್ನು ಎಂಥ ಸ್ಥಿತಿಗೆ ತಂದಿವೆ ಎಂದು ಇವನು ಶುರುಮಾಡುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಅಕ್ಕ ಕದಲಲಿಲ್ಲ. ಮತ್ತೆ ಬಡಿದರು. ಇವನೇ ಎದ್ದು ತೆರೆದ. ಕೈಗೆ ಪಟ್ಟಿ ಕಟ್ಟಿಕೊಂಡ ಗುಮಾಸ್ತೆ ನಿಂತಿದ್ದಳು.

ಅವಳಿಗೆ ಅಕ್ಕನ ಮೇಲೆ ಸಿಟ್ಟೇನೂ ಇರಲಿಲ್ಲ. ಮೆಲ್ಲಗೆ ಮಾತಾಡುವ ಹೆಂಗಸು. ಕುರ್ಚಿಯ ಅಂಚಿಗೆ ಕೂತು, ತಾನು ಮತ್ತೆ ಕಲಿಯಬೇಕೆಂದಿದ್ದೇನೆ, ಬೇರೆಯವರ ಹತ್ತಿರ ಭಯವಾಗುತ್ತದೆ, ನೀವೇ ಕಲಿಸುತ್ತೀರಾ ಎಂದು ಕೇಳಿದಳು.

“ಇಲ್ಲಮ್ಮ, ಕಾಫಿ ಈಗ ತಾನೇ ಕುಡಿದೆ, ನೀನು ಕುಡಿ,” ಎಂದಳು ಅಕ್ಕ.

ಗುಮಾಸ್ತೆ ಇವನ ಮುಖ ನೋಡಿದಳು. ಇವನು ಅಕ್ಕನ ಮುಖ ನೋಡಿದ. ಅಕ್ಕ ಇಬ್ಬರ ಮುಖವನ್ನೂ ನೋಡಿ, ತಾನು ಸಿಕ್ಕಿಬಿದ್ದೆನೆಂದು ತಿಳಿದು, ಟಿವಿಯ ಕಡೆ ತಿರುಗಿಕೊಂಡಳು.

ಗುಮಾಸ್ತೆ ಹೋದ ಮೇಲೆ ಅವನು ಅಕ್ಕನ ಎದುರಿಗೆ ಮೊಣಕಾಲೂರಿ ಕೂತು, ಗಟ್ಟಿಯಾಗಿ, ಯಾವಾಗಿನಿಂದ ಎಂದು ಕೇಳಿದ. ಅವಳು ಟಿವಿ ಆರಿಸಿದಳು. ಆಮೇಲೆ ಒಂದೊಂದಾಗಿ ಬಾಯಿಬಿಟ್ಟಳು. ಮೂರು ವರ್ಷದಿಂದ ಕಮ್ಮಿಯಾಗುತ್ತ ಬಂದಿತ್ತಂತೆ. ಕಲಿಯಲು ಬಂದವರ ತುಟಿ ನೋಡಿ ನಿಭಾಯಿಸುತ್ತಿದ್ದಳಂತೆ. ಆ ಗುಂಡಿಗಳ ಜಾಹೀರಾತು ನೋಡಿ ಕೊಳ್ಳಬೇಕೆಂದು ಅಂಗಡಿಯ ಬಾಗಿಲವರೆಗೆ ಹೋಗಿದ್ದಳಂತೆ.

“ಹೋದವಳು ವಾಪಸ್ ಯಾಕೆ ಬಂದೆ?” ಎಂದ ಅವನು.

“ನಿನ್ನ ಅಂಕಣ ಓದಿದ್ದೆನಲ್ಲ.”

“ಡಾಕ್ಟರ ಹತ್ತಿರನಾದ್ರೂ ಹೋಗಬಹುದಿತ್ತು.”

“ನಾಚಿಕೆಪಡೋವರು ಅಂತ ಬರೆದಿದ್ದೆಯಲ್ಲೋ. ಅದನ್ನ ಓದಿದ ಮೇಲೆ ಇನ್ನಷ್ಟು ನಾಚಿಕೆ ಆಯ್ತು.” ಅವಳೇ ಸೇರಿಸಿದಳು. “ಚೆನ್ನಾಗೇ ಬರೆದಿದ್ದೆ. ನಾನೂ ನಕ್ಕೆ.”

ಅಕ್ಕ ಅತ್ತಿದ್ದರೆ, ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ನಕ್ಕೆ ಎಂದದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಮನೆಗೆ ಬಂದವನೇ ಹಳೆಯ ಡಬ್ಬಿಗಳನ್ನೆಲ್ಲ ಕೆಡವಿ ಆ ಗುಂಡಿಗಳನ್ನು ಹುಡುಕಿ, ಮಾರನೆಯ ದಿನ ಅಕ್ಕನ ಕಿವಿಗೆ ಹಾಕಿಸಿದ. ಅವಳು ಅವನ ಮಾತನ್ನು ತುಟಿ ನೋಡದೆ ಕೇಳಿಸಿಕೊಂಡಳು. ಪೂರ್ತಿಯಲ್ಲ, ನಾಲ್ಕರಲ್ಲಿ ಎರಡು ಪದ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಮೊದಲೇ ಬಂದಿದ್ದರೆ ಇಂಥ ಗುಂಡಿಗಳಲ್ಲೇ ಕೆಲವು ಕಾಲ ನಡೆಯುತ್ತಿತ್ತು, ಈಗ ಸರಿಯಾದ ಶ್ರವಣಯಂತ್ರವೇ ಬೇಕು ಎಂದರು. ಯಾರು ತಡಮಾಡಿದರು ಎಂದು ಅವರು ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಅವನು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದ.

ಆ ವಾರ ಅವನು ಬರೆದ ಅಂಕಣದಲ್ಲಿ ಬೈಗುಳವಿರಲಿಲ್ಲ. ಕಿವಿಗುಂಡಿಯ ಬಗ್ಗೆ ತಾನು ಬರೆದದ್ದು ಸುಳ್ಳು, ಪರೀಕ್ಷೆ ಮಾಡದೆ ಬರೆದೆ, ಯಾರಾದರೂ ಅದನ್ನು ಓದಿ ಹಿಂಜರಿದಿದ್ದರೆ ಮೊದಲು ಕಿವಿ ತೋರಿಸಿಕೊಳ್ಳಿ ಎಂದು ನೇರವಾಗಿ ಬರೆದಿದ್ದ. ಸಂಪಾದಕಿ ಅದನ್ನು ಓದಿ, ಕನ್ನಡಕ ತೆಗೆದು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದಳು.

“ಹುಷಾರಾಗೇ ಇದೀನಿ. ಹಾಕ್ತೀರೋ ಇಲ್ಲವೋ?”

“ನೋಡಿ, ಜನ ನಿಮ್ಮನ್ನ ಓದೋದು ಸಾಮಾನು ಕೊಳ್ಳೋಕಲ್ಲ, ನಗೋಕೆ. ಕ್ಷಮೆ ಕೇಳೋ ಹುಳಿಯಣ್ಣ ಯಾರಿಗೆ ಬೇಕು? ಇದನ್ನ ಎರಡು ಸಾಲು ಮಾಡಿ ಮೂಲೇಲಿ ಹಾಕ್ತೀನಿ. ಅಂಕಣಕ್ಕೆ ಆ ಮಾತಾಡೋ ದೀಪ ಬಂದಿದೆಯಲ್ಲ, ಅದನ್ನ ಬೈದು ಕೊಡಿ.”

ಇಷ್ಟು ವರ್ಷ ತಾನು ಯಂತ್ರಗಳನ್ನು ಪರೀಕ್ಷಿಸುತ್ತಿದ್ದೇನೆ ಎಂದುಕೊಂಡಿದ್ದ. ಇವರಿಗೆ ಬೇಕಾಗಿದ್ದುದು ಗುಂಡಿ ಒತ್ತಿದರೆ ಬೈಯುವ ಇನ್ನೊಂದು ಯಂತ್ರ. ಅವನು ಎರಡು ಸಾಲಿಗೆ ಒಪ್ಪಲಿಲ್ಲ. ಪೂರ್ತಿ ಹಾಕುವವರೆಗೆ ಬೇರೇನೂ ಬರೆಯುವುದಿಲ್ಲ ಎಂದು ಹೇಳಿ, ದೀಪವನ್ನು ಅವಳ ಮೇಜಿನ ಮೇಲೆಯೇ ಬಿಟ್ಟು ಬಂದ. ಮುಂದಿನ ಸಂಚಿಕೆಗಳು ‘ತೆರೆದ ಡಬ್ಬಿ’ ಇಲ್ಲದೆಯೇ ಹೊರಟವು. ಓದುಗರ ಗೊಣಗಾಟ ಜಾಸ್ತಿಯಾದಾಗ ಸಂಪಾದಕಿ ಸೋತು, ಅವನ ಬರಹವನ್ನು ಒಳಪುಟದಲ್ಲಿ ಇಡಿಯಾಗಿ ಹಾಕಿದಳು. ಪತ್ರಗಳು ಹೆಚ್ಚೇನೂ ಬರಲಿಲ್ಲ. ಬಂದವುಗಳಲ್ಲಿ ಒಂದು, ಹುಳಿಯಣ್ಣನಿಗೆ ಕಂಪನಿಯವರು ಎಷ್ಟು ಕೊಟ್ಟರು ಎಂದು ಕೇಳಿತ್ತು.

ಅಕ್ಕನಿಗೆ ಶ್ರವಣಯಂತ್ರ ಬಂತು. ಅದನ್ನು ಅವಳು ಕಿವಿಯ ಹಿಂದೆ ಮುಚ್ಚಿಡದೆ ಕೂದಲು ಎತ್ತಿಕಟ್ಟಿಕೊಂಡು ತಿರುಗಿದಳು. ಡಾಕ್ಟರ ಚೀಟಿ ಹಿಡಿದು ಶಾಲೆಯ ಯಜಮಾನನ ಮುಂದೆ ನಿಂತು, ಬಿಸಿಲಿನ ಕಥೆ ಸುಳ್ಳೆಂದು ಒಪ್ಪಿಕೊಂಡಳು. ಅವನು ಸಾಕಷ್ಟು ಕೂಗಾಡಿದನಂತೆ. ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು ಎಂದು ಅವಳು ತಮ್ಮನಿಗೆ ಹೆಮ್ಮೆಯಿಂದ ವರದಿ ಮಾಡಿದಳು. ಕೊನೆಗೆ ಯಜಮಾನ ಒಪ್ಪಿದ: ಮೊದಲು ತರಗತಿಯಲ್ಲಿ ರಸ್ತೆ ನಿಯಮದ ಪಾಠ, ಅವಳನ್ನು ಪರೀಕ್ಷೆ ಮಾಡಿ ನೋಡಿದ ಮೇಲೆ ಮತ್ತೆ ಕಾರು. ಮೊದಲ ಶಿಷ್ಯೆ ಅದೇ ಗುಮಾಸ್ತೆ.

ಒಂದು ಭಾನುವಾರ ಬೆಳಿಗ್ಗೆ ಅವಳು ತಮ್ಮನ ಮನೆಗೆ ಬಂದಳು. ಬಾಗಿಲು ದಾಟಿದವಳೇ ಮುಖ ಹುಳ್ಳಗೆ ಮಾಡಿಕೊಂಡು ನಿಂತುಬಿಟ್ಟಳು.

“ಏನೋ ಇದು ಗಲಾಟೆ? ಈ ಮನೇಲಿ ಹೇಗಿರ್ತೀಯ?”

ಇಲ್ಲಿ ಸದ್ದೇ ಇಲ್ಲವಲ್ಲ ಎಂದ ಅವನು. ಅಕ್ಕ ಬೆರಳು ತೋರಿಸುತ್ತ ಹೋದಳು, ಅವನು ಹಿಂದೆ ಹಿಂದೆ ಒಂದೊಂದನ್ನೇ ನಿಲ್ಲಿಸುತ್ತ ಹೋದ. ಫ್ರಿಜ್ಜಿನ ಗೊರಗೊರ, ಕಂಪ್ಯೂಟರಿನ ಫ್ಯಾನು, ಗೋಡೆ ಗಡಿಯಾರ. ಅವೆಲ್ಲ ನಿಂತ ಮೇಲೂ ಅವಳು ತಲೆ ಓರೆ ಮಾಡಿ, ಇನ್ನೊಂದಿದೆ, ಸೊಳ್ಳೆಯ ಹಾಗೆ ಕುಯ್ಯೆನ್ನುತ್ತಿದೆ ಎಂದಳು.

ಅವನಿಗೆ ಹಳೆಯ ಹುರುಪು ಮರಳಿತು. ಅದು ಕೋಣೆಯ ಸದ್ದಲ್ಲ, ನಿನ್ನ ಯಂತ್ರದ್ದೇ ಅಪಸ್ವರ, ಈ ಕಂಪನಿಗಳ ಹಣೆಬರಹವೇ ಇಷ್ಟು, ದುಬಾರಿ ಡಬ್ಬಿಯಲ್ಲಿ ಸೊಳ್ಳೆಯನ್ನು ತುಂಬಿ ಮಾರುತ್ತಾರೆ ಎಂದು ಶುರುಮಾಡಿದ. ಅಕ್ಕ ಅವನ ಭಾಷಣವನ್ನು ಕಿವಿಗೆ ಹಾಕಿಕೊಳ್ಳದೆ ಡಬ್ಬಿಗಳ ಕೋಣೆಗೆ ನಡೆದು, ಕಪಾಟಿನ ಹಿಂದೆ ಕೈ ತೂರಿಸಿ, ಗೋಡೆಗೆ ಚುಚ್ಚಿದ್ದ ಒಂದು ಚಾರ್ಜರನ್ನು ಕಿತ್ತಳು. ಬಿಸಿಯಾಗಿತ್ತು. ಒಂದು ಮೂಲೆ ಕಂದಿತ್ತು.

“ಈಗ ನಿಂತಿತು,” ಎಂದಳು.

ಅವನು ಅದನ್ನು ಇಸಿದುಕೊಂಡು ಮತ್ತೆ ಗೋಡೆಗೆ ಚುಚ್ಚಿದ. ಕಿವಿಯನ್ನು ಹತ್ತಿರ ಒಯ್ದ. ಇನ್ನೂ ಹತ್ತಿರ ಒಯ್ದ. ಕೆನ್ನೆಗೆ ಪ್ಲಾಸ್ಟಿಕ್ಕಿನ ಬಿಸಿ ತಾಗಿತು.

“ಕುಯ್ಯಂತಿದೆ. ಕೇಳ್ತಿಲ್ವಾ?”

ಅವನಿಗೆ ಏನೂ ಕೇಳಿಸಲಿಲ್ಲ. ಇನ್ನೊಂದು ಕಿವಿ ಕೊಟ್ಟು ನೋಡಿದ. ಚಾರ್ಜರು ತಯಾರಿಸಿದವರನ್ನು ಬೈಯಲು ಬಾಯಿ ತೆರೆದು, ಹಾಗೆಯೇ ಮುಚ್ಚಿದ. ಅಕ್ಕ ಅವನನ್ನು ಆಪಾದಮಸ್ತಕ ನೋಡಿದಳು. ಆ ನೋಟದಲ್ಲಿ ಕನಿಕರವಿತ್ತೆಂದರೆ ಸುಳ್ಳಾದೀತು. ಕ್ಲಚ್ಚು ಒತ್ತದೆ ಗೇರು ತಳ್ಳುವವರನ್ನು ಅವಳು ಹಾಗೆ ನೋಡುತ್ತಿದ್ದಳು.

“ಮಂಗಳವಾರ ಡಾಕ್ಟರು ಸಿಗ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ,” ಎಂದು ಹೇಳಿ, ಪ್ಲಗ್ಗು ಕಿತ್ತು, ಚಾರ್ಜರನ್ನು ಕಸದ ಬುಟ್ಟಿಗೆ ಎಸೆದಳು.