ತಮ್ಮನ ಗೂಟ

ಆ ಬೆಟ್ಟದ ಕಡಿದಾದ ಮೈಗೆ ಅಂಟಿಕೊಂಡು ಒಂದು ಹಲಗೆ ದಾರಿ ಇತ್ತು. ಬಂಡೆಗೆ ಇನ್ನೂರ ಆರು ಕಬ್ಬಿಣದ ಗೂಟ ಬಡಿದು, ಅವುಗಳ ಮೇಲೆ ಎರಡು ಗೇಣು ಅಗಲದ ಹಲಗೆ ಹಾಸಿದ್ದರು. ಒಂದು ಕೈಗೆ ಸರಪಳಿ, ಇನ್ನೊಂದು ಕೈಗೆ ಬರೀ ಗಾಳಿ. ಎದೆ ಝಲ್ಲೆನ್ನಲಿ ಎಂದೇ ಜನ ದೂರದೂರದಿಂದ ಬರುತ್ತಿದ್ದರು.

ಜನರಿಗೆ ಬಾಗಿಲು ತೆರೆಯುವ ಮೊದಲು ದಿನವೂ, ಆ ದಾರಿ ನೋಡಿಕೊಳ್ಳುತ್ತಿದ್ದ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಸುತ್ತಿಗೆ ಹಿಡಿದು ಹೋಗಿ ಒಂದೊಂದೇ ಗೂಟ ತಟ್ಟಿ ಬರುತ್ತಿದ್ದ. ಗಟ್ಟಿಯಿದ್ದರೆ ‘ಟಣ್’, ಸಡಿಲಿದ್ದರೆ ‘ದಬ್’. ಕೆಲಸ ಕಲಿಸಿದ ಅಪ್ಪ ಎಣಿಸಲು ಬಿಟ್ಟಿರಲಿಲ್ಲ. “ಲೆಕ್ಕ ನಡುವೆ ತಪ್ಪಿಹೋಗುತ್ತೆ ಕಣೋ. ಗೂಟಕ್ಕೊಬ್ಬ ಮನುಷ್ಯನ್ನ ಇಟ್ಕೋ. ದೇವರೇ ಇವನನ್ನ ಕಾಪಾಡು ಅಂತ ಹೊಡಿ. ಮನುಷ್ಯರು ಮರೆತುಹೋಗಲ್ಲ.”

ಹಾಗಾಗಿ ಮೊದಲ ಗೂಟ ಅಮ್ಮನದು. ಆಮೇಲೆ ಹಾಲಿನವಳು, ಕ್ಷೌರದವನು, ತೀರಿಕೊಂಡ ಸೋದರಮಾವ, ಕಿವಿ ಹಿಂಡುತ್ತಿದ್ದ ಮೇಷ್ಟ್ರು. ದಾರಿ ತೀರಾ ಕಿರಿದಾಗುವ ತಿರುವಿನಲ್ಲಿದ್ದದ್ದು ತಮ್ಮನ ಗೂಟ.

ತಮ್ಮ ಅದೇ ದಾರಿಯಲ್ಲಿ ಜನರನ್ನು ಕರೆದೊಯ್ಯುವ ಗೈಡ್. ಆರು ದಿನದ ಹಿಂದೆ ಅವನು ಫೋಟೋಗೆಂದು ಬಂದವರಲ್ಲಿ ಒಬ್ಬಳ ಬೆಲ್ಟನ್ನು ಸರಪಳಿಗೆ ಸಿಕ್ಕಿಸುವ ಕೊಕ್ಕೆ ಬಿಚ್ಚಿಸಿದ್ದನ್ನು ಕಂಡು ಅಣ್ಣ ಎಲ್ಲರೆದುರು ಬೈದಿದ್ದ. ತಮ್ಮ ನಕ್ಕಿದ್ದ. “ನಿಂದೇನಣ್ಣ, ದಿನಾ ಟಣ್ ಟಣ್. ಜನ ಬರೋದು ನಿನ್ನ ಸುತ್ತಿಗೆ ಸದ್ದು ಕೇಳೋಕಾ?” ಸುತ್ತಲಿದ್ದವರೂ ನಕ್ಕಿದ್ದರು.

ಮರುದಿನ ತಿರುವಿಗೆ ಬಂದಾಗ, ದೇವರೇ ಇವನನ್ನ ಎಂದು ಬಾಯಿಗೆ ಬರಲಿಲ್ಲ. ಸುತ್ತಿಗೆಯೂ ಏಳಲಿಲ್ಲ. ಹಲಗೆ ದಾಟಿ ಮುಂದಿನ ಗೂಟಕ್ಕೆ ಹೋದ. ಅದರ ಮರುದಿನವೂ ಹಾಗೆಯೇ.

ಆರನೆಯ ಬೆಳಿಗ್ಗೆ ಟಿಕೆಟ್ ಕೋಣೆಯಲ್ಲಿ ಬೆಲ್ಟುಗಳನ್ನು ಬಿಡಿಸಿಡುತ್ತಿದ್ದ ಹೆಂಡತಿ ಎಂದಿನಂತೆ ಕೇಳಿದಳು. “ಎಲ್ಲಾ ಹೊಡೆದಾಯ್ತೇನ್ರೀ?”

“ಹ್ಞೂಂ.”

“ಅದೇನು ಹ್ಞೂಂ? ಹಲ್ಲುನೋವಾ?”

ಏಳು ಜನರ ಹಿಂಡು ಕಟ್ಟಿಕೊಂಡು ತಮ್ಮ ಹೊರಟ. ಅತ್ತಿಗೆಗೆ ಕೈಬೀಸಿದ, ಅಣ್ಣನನ್ನು ನೋಡಲಿಲ್ಲ. ಅಣ್ಣ ಕೂತ. ಎದ್ದ. ಟೀ ಸುರಿದುಕೊಂಡು ಕುಡಿಯದೆ ಇಟ್ಟ. ಹಗಲೆಲ್ಲ ಸುಡು ಬಿಸಿಲು, ರಾತ್ರಿ ಕೊರೆಯುವ ಚಳಿ. ಇಂಥ ದಿನಗಳಲ್ಲೇ ಬಂಡೆ ಬಿರಿಯುವುದು. ಕಣ್ಣು ಮುಚ್ಚಿ ಪ್ರಾರ್ಥಿಸಲು ನೋಡಿದ. ಪ್ರಾರ್ಥನೆಯೂ ಆ ತಿರುವಿನ ತನಕ ಹೋಗಿ ನಿಂತುಬಿಟ್ಟಿತು.

“ಮೈಮೇಲೆ ಇರುವೆ ಬಿಟ್ಟಂಗೆ ಆಡ್ತಿದ್ದೀರಲ್ಲ, ಏನಾಯ್ತು?”

“ಇನ್ಯಾರನ್ನೂ ಒಳಗೆ ಬಿಡಬೇಡ,” ಎಂದವನೇ ಬೆಲ್ಟು ಬಿಗಿದು, ಸುತ್ತಿಗೆ ಎತ್ತಿಕೊಂಡು ಓಡಿದ.

ಕೂಗಿದರೆ ಗಾಳಿ ಮಾತನ್ನು ಕಿತ್ತೊಯ್ಯುತ್ತಿತ್ತು. ಹಿಂಡಿನ ಬಾಲ ಸಿಕ್ಕಾಗ ತಮ್ಮ ಎಲ್ಲರಿಗಿಂತ ಮುಂದೆ, ತಿರುವಿನ ಹತ್ತಿರವಿದ್ದ. ಏಳು ಜನರನ್ನು ದಾಟಬೇಕು. ಒಬ್ಬೊಬ್ಬರನ್ನು ದಾಟುವಾಗಲೂ ಅಣ್ಣ ತನ್ನ ಕೊಕ್ಕೆ ಬಿಚ್ಚಿ, ಅವರ ಬೆನ್ನಹಿಂದೆ ಹಲಗೆಯ ಹೊರ ಅಂಚಿಗೆ ಕಾಲಿಟ್ಟು ಸರಿದ. ಅಂಗಾಲಿನ ಅರ್ಧ ಗಾಳಿಯಲ್ಲಿತ್ತು.

“ಅಂಕಲ್ ಸೂಪರ್! ಇನ್ನೊಂದ್ಸಲ ಮಾಡಿ!” ತಲೆಗೆ ಕ್ಯಾಮೆರಾ ಕಟ್ಟಿಕೊಂಡವನೊಬ್ಬ ಕಿರುಚಿದ.

ತಮ್ಮ ತಿರುವಿನ ಹಲಗೆಗೆ ಕಾಲೆತ್ತಿದ್ದ. ಅಣ್ಣ ಹಿಂದಿನಿಂದ ಬೆಲ್ಟು ಹಿಡಿದೆಳೆದ.

“ಹುಚ್ಚು ಹಿಡಿದಿದೆಯೇನೋ ನಿಂಗೆ! ಜನರ ಮುಂದೆ ಮತ್ತೆ...”

ಅಣ್ಣ ಬಗ್ಗಿ ಗೂಟಕ್ಕೆ ಹೊಡೆದ. ದಬ್. ಬುಡದಿಂದ ಕಲ್ಲಿನ ಪುಡಿ ಉದುರಿತು.

ತಮ್ಮನ ಮುಖ ಬಿಳಿಚಿತು. “ಬೆಳಿಗ್ಗೆ ನೋಡಿರಲಿಲ್ವಾ?”

“ಆರು ದಿನದಿಂದ ಹೊಡೆದಿಲ್ಲ.”

“ಯಾಕೆ?”

“ನಿನ್ನ ಮೇಲಿನ ಸಿಟ್ಟಿಗೆ.”

ಏಳೂ ಜನ ಬಂಡೆಗೆ ಒತ್ತಿಕೊಂಡರು. ಆಮೇಲೆ ಕ್ಯಾಮೆರಾದವನು ಮೆಲ್ಲಗೆ ಅಂದ, “ಒಂದೇ ಹಲಗೆ ತಾನೆ ಸರ್? ಹಾರಿಬಿಡಬಹುದಲ್ವಾ?”

“ಹಾರ್ತೀಯಾ? ಮನೇಲಿ ಹೇಳಿ ಬಂದಿದ್ದೀಯಾ?” ತಮ್ಮ ಗದರಿದ. “ಎಲ್ಲರೂ ಹಿಂದಕ್ಕೆ. ಕೊಕ್ಕೆಗೆ ಕೈ ಹಾಕಿದ್ರೆ ನೋಡಿ ಮತ್ತೆ.”

ಅವರು ಗೊಣಗುತ್ತ ಹಿಂತಿರುಗಿದರು. ತಮ್ಮ ಅಣ್ಣನತ್ತ ತಿರುಗಿಯೂ ನೋಡದೆ ಅವರ ಹಿಂದೆಯೇ ಹೋದ. ಬೈದಿದ್ದರೆ ವಾಸಿಯಿತ್ತು. ಅಣ್ಣ ಒಬ್ಬನೇ ಹಲಗೆ ಬಿಚ್ಚಿ, ಗೂಟ ಅಲುಗಾಡಿಸಿದ. ನಾಲ್ಕೇ ಎಳೆತಕ್ಕೆ ಅದು ಕೈಗೆ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಈ ಆರು ದಿನದಲ್ಲಿ ಇದರ ಮೇಲೆ ಎಷ್ಟು ಜನ ನಡೆದಿರಬಹುದು? ಒಂದು ಮುಖವೂ ನೆನಪಿಗೆ ಬರಲಿಲ್ಲ.

ಬಿಸಿಲು ನೆತ್ತಿಗೇರಿದಾಗ ಹಲಗೆ ಕಿರುಗುಟ್ಟಿತು. ತಮ್ಮ ಹೊಸ ಗೂಟ, ಡ್ರಿಲ್, ಇಕ್ಕಳ ಹೊತ್ತು ಬಂದಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಗಟ್ಟಿ ಬಂಡೆಯಲ್ಲಿ ಹೊಸ ತೂತು ಕೊರೆದ. ಗೂಟದ ತುದಿ ಅದಕ್ಕಿಟ್ಟು, ಎರಡೂ ಕೈಯಿಂದ ಬಿಗಿಯಾಗಿ ಹಿಡಿದ.

“ಹೊಡಿ.”

“ಇಕ್ಕಳದಲ್ಲಿ ಹಿಡ್ಕೊಳ್ಳೋ. ನನ್ನ ಕೈ ನಡುಗ್ತಿದೆ.”

“ಕಾಣ್ತಿದೆ. ಹೊಡಿ ಅಣ್ಣ.”

ಅಣ್ಣ ಸುತ್ತಿಗೆ ಎತ್ತಿದ. ತಮ್ಮ ಬೆರಳು ಸಡಿಲಿಸಲಿಲ್ಲ.