ತೋಳಕ್ಕನ ಬಿಎಂಎಕ್ಸ್

ಹ್ಯಾಂಡಲ್ ಬೀರುವಿನಿಂದ ಹೊರಗೆ ಬರಲು ಒಪ್ಪಲಿಲ್ಲ. ಅಮ್ಮನ ಮೈಮೇಲೆ ಹೊದಿಸಲು ಒಗೆದ ಬಿಳಿ ದುಪ್ಪಟಿ ಹುಡುಕುತ್ತ ಮಗಳು ಕೆಳಗಿನ ಅರೆಗೆ ಕೈ ಹಾಕಿದ್ದಳು. ದುಪ್ಪಟಿಯ ಮಡಿಕೆಯೊಳಗೆ ತಣ್ಣನೆಯ ಕಬ್ಬಿಣ ಸಿಕ್ಕಿತು. ಎಳೆದಳು. ಒಂದು ಕೊಂಬು ಅಪ್ಪನ ಸ್ವೆಟರಿಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಬೀರುವಿನ ಬಾಗಿಲಿಗೆ. ಕಾಲು ಕೊಟ್ಟು ಜಗ್ಗಿದಾಗ ಸ್ವೆಟರು, ದುಪ್ಪಟಿ, ದಿಂಬಿನ ಚೀಲ ಎಲ್ಲ ಒಟ್ಟಿಗೆ ಅವಳ ಮಡಿಲಿಗೆ ಬಿದ್ದವು. ಅವುಗಳ ಮೇಲೆ, ಎತ್ತರದ ಎರಡು ಕೊಂಬು, ನಡುವೆ ಅಡ್ಡಸರಳು, ಮುಖ ಕಾಣುವಷ್ಟು ಹೊಳೆಯುವ ಹ್ಯಾಂಡಲ್.

“ನಿಧಾನ, ಗೀರು ಬಿದ್ದೀತು” ಎಂದರು ಅಪ್ಪ, ಬಾಗಿಲಲ್ಲಿ ನಿಂತು.

“ಏನಪ್ಪಾ ಇದು?”

“ಹ್ಯಾಂಡಲ್ಲು.”

“ಅದು ಕಾಣ್ತಾ ಇದೆ. ಬೀರುವಿನಲ್ಲಿ ಯಾಕಿದೆ?”

ಅಪ್ಪ ಕ್ಷೌರಿಕರು. ಯಾರೊಂದಿಗೆ ಮಾತಾಡಿದರೂ ಕಣ್ಣು ಮಾತ್ರ ಅವರ ತಲೆಗೂದಲಿನ ಮೇಲೆ. ಮಗಳ ನೆತ್ತಿ ನೋಡುತ್ತಲೇ ಹೇಳಿದರು. “ಚಕ್ರ ಎರಡೂ ಮಂಚದ ಕೆಳಗಿವೆ. ಫ್ರೇಮು ಬಚ್ಚಲಮನೆ ಅಟ್ಟದ ಮೇಲೆ. ಚೈನು ಸೀಮೆಎಣ್ಣೆ ಡಬ್ಬಿಯಲ್ಲಿ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಲು ನಿಮ್ಮಮ್ಮ. ನಾನೂ ಗೊತ್ತಿಲ್ಲದ ಹಾಗೇ ಇದ್ದೆ. ಮಂಚದ ಕೆಳಗೆ ಚಕ್ರ ಇಟ್ಕೊಂಡು ಮಲಗೋಳು, ಮಗ್ಗುಲು ಬದಲಾಯಿಸಿದ್ರೆ ಕಡ್ಡಿ ಟಿಣ್ ಅನ್ನೋದು.”

ಹೊರಗಿನ ಕೋಣೆಯಲ್ಲಿ, ಬೆಂಚಿನ ಮೇಲೆ, ಅಮ್ಮ ಮಲಗಿದ್ದಳು. ನಿನ್ನೆ ಸಂಜೆ ಕೆಲಸ ಮುಗಿಸಿ ಹೊರಟವಳು ಬಟ್ಟೆ ಕಾರ್ಖಾನೆಯ ಗೇಟಿನ ಬಳಿ ಸುಸ್ತೆಂದು ಕೂತಳಂತೆ. ಕಾವಲುಗಾರ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿ ಕಾಲರು ಹೊಲಿಯುವವರು ಬೇರೆ, ಜೇಬು ಹೊಲಿಯುವವರು ಬೇರೆ. ಅಮ್ಮ ಮದುವೆಗೆ ಮುಂಚಿನಿಂದಲೂ ತೋಳು ಮಾತ್ರ ಹೊಲಿದಳು. ಎಡತೋಳು, ಬಲತೋಳು, ಮತ್ತೆ ಎಡತೋಳು. ಹಾಗಾಗಿ ಕಾರ್ಖಾನೆಯಲ್ಲೂ ಓಣಿಯಲ್ಲೂ ಅವಳು ತೋಳಕ್ಕ. ಇಡೀ ಅಂಗಿಯೊಂದನ್ನು ಅವಳು ಹೊಲಿದದ್ದನ್ನು ಮಗಳು ನೋಡಿರಲಿಲ್ಲ.

ಅಮ್ಮನ ತಂಗಿ, ಚಿಕ್ಕಮ್ಮ, ಬರಬೇಕಿತ್ತು. ಅವಳ ಬಸ್ಸು ಮಧ್ಯಾಹ್ನಕ್ಕೆ. ಅವಳು ಬಂದು ಮುಖ ನೋಡಿದ ಮೇಲೆ ಸ್ಮಶಾನಕ್ಕೆ ವ್ಯಾನು ಹೊರಡುವುದು ಎಂದು ಮಾತಾಗಿತ್ತು.

*

ಫ್ರೇಮು ಸಿಕ್ಕಿದ್ದು ಗುಜರಿಯಮ್ಮನ ಅಂಗಡಿಯಲ್ಲಿ. ಹಳೆಯ ಪೇಪರು ಮಾರಲು ಹೋಗಿದ್ದ ತೋಳಕ್ಕ, ಮುರಿದ ಫ್ಯಾನುಗಳ ರಾಶಿಯ ಕೆಳಗೆ ಇಣುಕುತ್ತಿದ್ದ ಒಂದು ಕೊಳವೆಯನ್ನು ಕಂಡು, ಪೇಪರಿನ ತೂಕ ಮರೆತು, ಮಂಡಿಯೂರಿ ಫ್ಯಾನುಗಳನ್ನು ಎಳೆದು ಹಾಕತೊಡಗಿದಳು.

“ಅಕ್ಕಾ, ಕೈ ಕೊಯ್ಕೊಳ್ತೀಯ. ಅದು ಬರೀ ತುಕ್ಕು” ಎಂದಳು ಗುಜರಿಯಮ್ಮ.

“ತುಕ್ಕು ಮೇಲಿಂದು. ಒಳಗೆ ಬಿಎಂಎಕ್ಸ್ ಇದೆ.”

“ಯಾರ ಎಕ್ಸು?”

ತೋಳಕ್ಕ ಹಳ್ಳ ದಿಣ್ಣೆಯಲ್ಲಿ ಹಾರಿಸುವ ಗಿಡ್ಡ ಸೈಕಲ್ಲಿನ ಬಗ್ಗೆ ಹೇಳಿದಳು. ಅವಳಿಗೂ ತಂಗಿಗೂ ಸೇರಿ ಅಂಥದೊಂದು ಇತ್ತು. ಅವರಪ್ಪ ತೋಟದ ಕೆಲಸಕ್ಕೆ ಹೋಗುತ್ತಿದ್ದ ಬಂಗಲೆಯ ಹುಡುಗನಿಗೆ ಅದು ಚಿಕ್ಕದಾದಾಗ ಕೊಟ್ಟದ್ದು. ಒಬ್ಬಳು ಹತ್ತಿದರೆ ಇನ್ನೊಬ್ಬಳು ಪಕ್ಕದಲ್ಲಿ ಓಡಬೇಕು, ಬಿದ್ದಲ್ಲಿಗೆ ಸರದಿ ಮುಗಿಯಿತು. ಬೀಳದೆ ಇರಲು ಇಬ್ಬರೂ ಏನೇನೋ ಕಲಿತಿದ್ದರು. ಮನೆ ಬದಲಿಸಿದಾಗ ಲಾರಿಯಲ್ಲಿ ಜಾಗ ಸಾಲದೆ ಅದನ್ನು ಅಲ್ಲೇ ಗೋಡೆಗೆ ಒರಗಿಸಿ ಬಂದರು. ಲಾರಿಯ ಹಿಂದೆ ಕೂತು ಇಬ್ಬರೂ ಅದು ಮರೆಯಾಗುವವರೆಗೆ ನೋಡಿದರು.

“ಈ ವಯಸ್ಸಲ್ಲಿ ಹಾರಿಸ್ತೀಯಾ?” ಗುಜರಿಯಮ್ಮ ಕೇಳಿದಳು.

“ಮೊದಲು ಎಬ್ಬಿಸಿ ನಿಲ್ಲಿಸ್ತೀನಿ. ಹಾರೋದು ಆಮೇಲೆ. ನನ್ನ ಹತ್ರ ದುಡ್ಡಿಲ್ಲ. ನಿನ್ನ ಅಂಗಡಿ ಟಾರ್ಪಾಲು ಹರಿದು ತೂತಾಗಿದೆ, ಹೊಲ್ಕೊಡ್ತೀನಿ.”

ಅಲ್ಲಿಂದ ಶುರುವಾಯಿತು. ಮನೆಯ ಖರ್ಚನ್ನು ಮುಟ್ಟಬಾರದು ಎಂಬುದು ಅವಳು ತಾನೇ ಹಾಕಿಕೊಂಡ ಕಟ್ಟು. ಟಾರ್ಪಾಲಿಗೆ ಫ್ರೇಮು. ಓಣಿಯ ವೆಲ್ಡರಿಗೆ ದಪ್ಪ ಬಟ್ಟೆಯ ಏಪ್ರನ್ ಹೊಲಿದುಕೊಟ್ಟದ್ದಕ್ಕೆ ಸೊಟ್ಟಗಾಗಿದ್ದ ಮುಂದಿನ ಫೋರ್ಕು ನೆಟ್ಟಗಾಯಿತು. ಕಾರ್ಖಾನೆಗೆ ಬಸ್ಸು ಬಿಟ್ಟು ನಡೆದು ಹೋಗಿ ಟ್ಯೂಬು ಕೊಂಡಳು. ಹ್ಯಾಂಡಲಿನ ತುಕ್ಕಿಗೆ ಔಷಧಿಯೇನೂ ಇಲ್ಲ, ಊಟ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಲ್ಲಿ ಅದ್ದಿ ತಿಕ್ಕಿದಳು. ತಿಕ್ಕಿದಲ್ಲೆಲ್ಲ ಕಪ್ಪು ನೀರು ಇಳಿದು ಕೆಳಗಿನಿಂದ ಬೆಳ್ಳಿ ಎದ್ದು ಬರುತ್ತಿತ್ತು. ಗಂಡನ ಅಂಗಡಿಯ ಹಳೆಯ ಕುರ್ಚಿಯ ಹರಿದ ಹೊದಿಕೆ ಒಂದು ದಿನ ಕಸದ ಬುಟ್ಟಿಯಿಂದ ಮಾಯವಾಯಿತು. ಸೈಕಲ್ಲಿನ ಸೀಟಿನ ಮೇಲೆ ಕೂತಿತು. ಗಂಡ ಬುಟ್ಟಿಯನ್ನು ನೋಡಿದರು. ಮಾರನೆಯ ದಿನ ಇನ್ನೊಂದು ತುಂಡನ್ನೂ ತಾವೇ ತಂದು ಬುಟ್ಟಿಯ ಮೇಲೆ ಕಾಣುವ ಹಾಗೆ ಇಟ್ಟರು.

*

ವೆಲ್ಡರು ಬಂದವನು ಅಮ್ಮನ ಕಾಲ ಬಳಿ ಸ್ವಲ್ಪ ಹೊತ್ತು ನಿಂತ. ಕಂಕುಳಲ್ಲಿ ಪೇಪರಿನ ಕಟ್ಟು. ಹೂವಿರಬೇಕು ಎಂದುಕೊಂಡು ಮಗಳು ಕೈ ಚಾಚಿದಳು. ಅವನು ಹಿಂದೆ ಸರಿದ.

“ಇದು... ನಿಮ್ಮಮ್ಮ ಕೇಳಿದ್ದು. ಇವತ್ತೇ ಕೊಡಬೇಕಿತ್ತು, ಅದಕ್ಕೆ ತಂದೆ. ಮುಟ್ಟಬೇಡಿ, ಗ್ರೀಸ್ ಇದೆ.”

ಕಟ್ಟಿನಲ್ಲಿ ಪೆಡಲು ಜೋಡಿ, ಅದರ ಕಾಲುಗಳು, ಹಲ್ಲಿನ ಚಕ್ರ ಇದ್ದವು. ಹಿಂದೆಯೇ ಗುಜರಿಯಮ್ಮ ಅತ್ತು ಕೆಂಪಾದ ಕಣ್ಣಿನೊಂದಿಗೆ ಬಂದಳು. ಅವಳ ಚೀಲದಲ್ಲಿ ಹಿಂದಿನ ಚಕ್ರದ ಫ್ರೀವೀಲು, ಒಂದು ಡಬ್ಬಿ ಬೇರಿಂಗ್ ಗುಂಡುಗಳು. ಇಬ್ಬರೂ ಪರಸ್ಪರರ ಕೈ ನೋಡಿಕೊಂಡರು.

“ನಿಂಗೂ ಹೇಳಿದ್ಲಾ?” ಎಂದಳು ಗುಜರಿಯಮ್ಮ. “ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ಲು ನನ್ನ ಕೈಲಿ.”

“ನನ್ನ ಕೈಲೂ” ಎಂದ ವೆಲ್ಡರು.

ಅಪ್ಪ ಬಚ್ಚಲಮನೆಯಿಂದ ಫ್ರೇಮು ಹೊತ್ತು ಬಂದರು. ನೀಲಿ ಬಣ್ಣ, ಎಲ್ಲೂ ಸೋರಿ ಇಳಿದಿಲ್ಲ, ಗುಳ್ಳೆ ಎದ್ದಿಲ್ಲ. ಹಿತ್ತಲ ಕಲ್ಲಿನ ಮೇಲೆ ಗೋಣಿ ಹಾಸಿ ಮಲಗಿಸಿದರು. “ಬಸ್ಸಿಗೆ ಇನ್ನೂ ಹೊತ್ತಿದೆ” ಎಂದರು. “ಜೋಡಿಸೋಣ.”

“ಈಗಲೇನಾ ಅಪ್ಪಾ?”

“ಅವಳು ಈ ಮನೆಯಲ್ಲಿ ಇರೋದು ಇನ್ನು ಅಷ್ಟೇ ಹೊತ್ತು. ಮತ್ತೆ ಯಾವಾಗ?”

ಪಕ್ಕದ ಮನೆಯ ಮೇಷ್ಟ್ರು ಹಿತ್ತಲ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡರು. “ಮನೆಯಲ್ಲಿ ಹೆಣ ಇಟ್ಕೊಂಡು ಸೈಕಲ್ ರಿಪೇರಿನಾ? ಜನ ಏನಂತಾರೆ?”

“ಜನರಲ್ಲಿ ಅರ್ಧ ಜನ ಇಲ್ಲೇ ಇದ್ದಾರೆ ಮೇಷ್ಟ್ರೇ, ಅವರ ಕೈಯಲ್ಲೇ ಸ್ಪ್ಯಾನರ್ ಇದೆ” ಎಂದರು ಅಪ್ಪ.

ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಒಳಗೆ ಹೋಗಿ ಬೆಂಚಿನ ಪಕ್ಕದ ಕುರ್ಚಿಯಲ್ಲಿ ಕೂತರು.

ವೆಲ್ಡರು ಫ್ರೇಮಿನ ಕತ್ತಿಗೆ ಗ್ರೀಸ್ ಮೆತ್ತಿದ. ಮಗಳು ಗುಂಡುಗಳನ್ನು ಒಂದೊಂದಾಗಿ ಗ್ರೀಸಿನಲ್ಲಿ ಕೂರಿಸುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವ ಅವಳ ಬೆರಳಿಗೆ ಆ ಕೆಲಸ ಬೇಗ ಒಗ್ಗಿತು. ಆಗಲೇ ಗುಜರಿಯಮ್ಮನ ಮೊಣಕೈ ತಗುಲಿ ಡಬ್ಬಿ ಉರುಳಿತು. ಗುಂಡುಗಳು ಕಲ್ಲಿನ ಮೇಲೆ ಚಿಮ್ಮಿ, ಹೊಸಿಲು ದಾಟಿ, ಸಾವಿನ ಮನೆಯ ನೆಲದ ಮೇಲೆ ಓಡಿದವು.

ತಲೆ ತಗ್ಗಿಸಿ ಕೂತಿದ್ದ ಕಾರ್ಖಾನೆಯ ಹೆಂಗಸರೆಲ್ಲ ನೆಲಕ್ಕೆ ಇಳಿದರು. ಕುರ್ಚಿಗಳು ಸರಿದವು. ಯಾರೋ ಬೆಂಚಿನ ಕೆಳಗೆ ತೂರಿ, “ತೋಳಕ್ಕಾ, ಸ್ವಲ್ಪ ತಡಿ, ಇಲ್ಲೊಂದಿದೆ” ಎಂದು ದುಪ್ಪಟಿಯ ಅಂಚನ್ನು ಎತ್ತಿದರು. ಕಾಲರಿನವಳಿಗೆ ಮೊದಲು ನಗು ಬಂತು. ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ಜೇಬಿನವಳು ಆಗಲೇ ನಕ್ಕಾಗಿತ್ತು. ಎಲ್ಲ ಸೇರಿಸಿದರೂ ಒಂದು ಗುಂಡು ಕಡಿಮೆ ಬಿತ್ತು. ಅದಿಲ್ಲದಿದ್ದರೆ ಹ್ಯಾಂಡಲ್ ಕಡಕಡ ಅನ್ನುತ್ತದೆ ಎಂದ ವೆಲ್ಡರು. ಮತ್ತೆ ಹುಡುಕಿದರು.

ಮೇಷ್ಟ್ರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಈಗ ಮೆಲ್ಲನೆ ಬಲಗಾಲು ಎತ್ತಿದರು. ಅಂಗಾಲಿಗೆ ಗುಂಡು ಅಂಟಿಕೊಂಡಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ, “ಇದೇನಾ ನೋಡಿ” ಎಂದರು. ತಾವೇ ಹಿತ್ತಲಿಗೆ ತಂದುಕೊಟ್ಟರು. ತಂದವರು ವಾಪಸು ಹೋಗಲಿಲ್ಲ. ಚಕ್ರ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.

*

ಚಿಕ್ಕಮ್ಮ ಕೆಲವು ತಿಂಗಳ ಹಿಂದೆ ಮಗಳಿಗೆ ಫೋನು ಮಾಡಿದ್ದಳು. “ನಿಮ್ಮಮ್ಮಂಗೆ ಮರೆವು ಶುರುವಾಗಿದೆ ಕಣೇ. ವಾರ ವಾರ ಫೋನ್ ಮಾಡಿ ನಮ್ಮ ಸೈಕಲ್ಲಿನ ಬಣ್ಣ ಯಾವುದು, ಹ್ಯಾಂಡಲ್ ಮೇಲಿನ ಸ್ಪಂಜಿನ ಹೊದಿಕೆ ಹೇಗಿತ್ತು ಅಂತ ಕೇಳ್ತಾಳೆ. ಹೇಳಿದ್ರೆ, ಸರಿಯಾಗಿ ನೆನಪು ಮಾಡ್ಕೋ ಅಂತ ನನ್ನನ್ನೇ ಗದರಿಸ್ತಾಳೆ. ಮೊನ್ನೆ, ನಮ್ಮ ಮನೆ ಹತ್ರ ಇಳಿಜಾರು ಇದೆಯಾ ಅಂತ ಕೇಳಿದ್ಲು. ನಂಗೆ ಭಯ ಆಗ್ತಿದೆ.”

ಮಗಳು ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದಳು. ಮರೆವು ಪರೀಕ್ಷಿಸಲು ಡಾಕ್ಟರು ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅಮ್ಮ ದುಂಡಗೆ ಸುತ್ತು ಎಳೆದಳು, ಅಂಕಿ ಬರೆದಳು, ಮುಳ್ಳು ಇಟ್ಟಳು. ಅಷ್ಟಕ್ಕೆ ಬಿಡಬಹುದಿತ್ತು. ನಡುವಿನಿಂದ ಅಂಚಿಗೆ ಗೆರೆ ಎಳೆಯುತ್ತ ಹೋದಳು.

“ಇವೇನಮ್ಮಾ?” ಡಾಕ್ಟರು ಕೇಳಿದರು.

“ಕಡ್ಡಿ.”

“ಗಡಿಯಾರಕ್ಕೆ ಕಡ್ಡಿ ಇರುತ್ತಾ?”

“ಇಲ್ಲ ಸಾರ್. ಕಡ್ಡಿ ಒಂದರ ಮೇಲೊಂದು ಹೇಗೆ ಹಾದು ಹೋಗುತ್ತೆ ಅಂತ ಯೋಚಿಸ್ತಿದ್ದೆ. ಇದರಲ್ಲಿ ಸರಿಯಾಗಿ ಬಂತು. ಈ ಹಾಳೆ ನಾನು ಇಟ್ಕೊಳ್ಳಲಾ?”

ಡಾಕ್ಟರು ಮರೆವೇನೂ ಇಲ್ಲ ಎಂದರು. ಮಗಳು ನಂಬಲಿಲ್ಲ. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಪಕ್ಕ ಕೂತು, ಯಾವುದೋ ಗುಟ್ಟಿಗೆ ತುಟಿ ಬಿಗಿಹಿಡಿದು ನಗುತ್ತಿದ್ದಳು.

*

ಬಸ್ಸಿಳಿದು ಬಂದ ಚಿಕ್ಕಮ್ಮ ನೇರ ಅಕ್ಕನ ಬಳಿ ಹೋದಳು. ಅಕ್ಕನ ಹಣೆಯ ಮೇಲೆ ಅಂಗೈ ಇಟ್ಟು ಕೂತಳು. ಅವಳು ಜೋರಾಗಿ ಅಳುವವಳಲ್ಲ. ಮೂಗು ಒರೆಸಿಕೊಂಡು ನೀರು ಕುಡಿಯಲೆಂದು ಹಿತ್ತಲಿಗೆ ಬಂದಳು.

ಸೈಕಲ್ಲು ಎದ್ದು ನಿಂತಿತ್ತು. ಮೇಷ್ಟ್ರು ಹಿಂದಿನ ಚಕ್ರ ತಿರುಗಿಸಿ ಬಿಟ್ಟಿದ್ದರು, ಫ್ರೀವೀಲು ಟಿಕಟಿಕ ಎನ್ನುತ್ತ ನಿಲ್ಲುವುದನ್ನೇ ಮರೆತಿತ್ತು. ಹ್ಯಾಂಡಲಿನ ಅಡ್ಡಸರಳಿಗೆ, ದಿಂಬಿನ ಚೀಲದೊಳಗೆ ಸಿಕ್ಕಿದ ಹಳದಿ ಕಪ್ಪು ಪಟ್ಟೆಯ ಮೆತ್ತನೆಯ ಹೊದಿಕೆ. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಕಾಣುತ್ತಿರಲಿಲ್ಲ. ಕಾರ್ಖಾನೆಯ ಹೆಂಗಸರು ಅದನ್ನು ಬೆರಳಿಂದ ಸವರಿ, “ಸೈಕಲ್ಲಿಗೂ ತೋಳು ಹೊಲ್ದಿದ್ದಾಳೆ ನೋಡೇ” ಎನ್ನುತ್ತಿದ್ದರು.

ಚಿಕ್ಕಮ್ಮ ಲೋಟವನ್ನು ಕಲ್ಲಿನ ಮೇಲಿಟ್ಟು ಹತ್ತಿರ ಬಂದಳು.

“ಹಳದಿ ಕಪ್ಪು” ಎಂದಳು. “ಭಾವಾ, ಅದು ನಾನು ಸುಮ್ನೆ ಹೇಳಿದ್ದು. ನಂಗೆ ಬಣ್ಣ ನೆನಪೇ ಇರಲಿಲ್ಲ. ಇಲ್ಲ ಅಂದ್ರೆ ನೊಂದ್ಕೋತಾಳೆ ಅಂತ ಬಾಯಿಗೆ ಬಂದದ್ದು ಹೇಳ್ದೆ.”

“ಬಾಯಿಗೆ ಒಳ್ಳೇದೇ ಬಂದಿದೆ, ಚೆನ್ನಾಗಿದೆ” ಎಂದರು ಅಪ್ಪ. “ನಿಮ್ಮೂರಿಗೆ ಬಸ್ಸಿನ ಮೇಲೆ ಹಾಕ್ಕೊಂಡು ಬರೋಳಿದ್ಲು. ರಾತ್ರಿ ಮಲಗಿದಾಗ, ಇದನ್ನ ನೋಡಿ ತಂಗಿ ಮುಖ ಹೇಗಾಗುತ್ತೋ ಅಂತ ಒಬ್ಬಳೇ ಗೊಣಗೋಳು. ಹೀಗಾಗುತ್ತೆ ಅಂತ ನಾನು ನೋಡಿದೆ. ಅವಳು ನೋಡಲಿಲ್ಲ.”

ಚಿಕ್ಕಮ್ಮ ಕುಕ್ಕರಗಾಲಿನಲ್ಲಿ ಕೂತು ಪೆಡಲು ತಿರುಗಿಸಿದಳು. ಚೈನು ಒತ್ತಿ ನೋಡಿದಳು. ಟೈರಿಗೆ ಹೆಬ್ಬೆರಳು ಊರಿದಳು. ಅವಳ ಮುಖದಲ್ಲಿ ಏನೋ ಬದಲಾಯಿತು. ಬಸ್ಸಿನ ಆಯಾಸ, ಅಳು, ವಯಸ್ಸು ಎಲ್ಲ ಸ್ವಲ್ಪ ಪಕ್ಕಕ್ಕೆ ಸರಿದು ನಿಂತವು.

“ಸೀಟು ಎತ್ತರ ಆಯ್ತು. ಇಳಿಸಿ” ಎಂದಳು ವೆಲ್ಡರಿಗೆ. ಆಮೇಲೆ ಮಗಳಿಗೆ, “ನಿನ್ನ ಬೂಟು ಕೊಡು.”

“ಚಿಕ್ಕಮ್ಮಾ, ಬೇಡ.”

“ವ್ಯಾನಿನ ಮುಂದೆ ನಾನು ಹೋಗ್ತೀನಿ.”

“ಬ್ರೇಕಿಗೆ ಇನ್ನೂ ವೈರು ಹಾಕಿಲ್ಲ ಅಮ್ಮಾ” ಎಂದ ವೆಲ್ಡರು. “ತಂದಿಲ್ಲ.”

“ಆಗೇನು ಇತ್ತಾ? ಟೈರಿಗೆ ಕಾಲು ಒತ್ತೋದು. ಅದಕ್ಕೇ ಬೂಟು ಕೇಳ್ತಿರೋದು.”

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಜೇಬಿನಿಂದ ಬಾಚಣಿಗೆ ತೆಗೆದು, ನಾದಿನಿಯ ಹಾರಾಡುತ್ತಿದ್ದ ಕೂದಲನ್ನು ಹಿಂದಕ್ಕೆ ಬಾಚಿ, ರಬ್ಬರು ಹಾಕಿ ಬಿಗಿದರು. “ಕಣ್ಣಿಗೆ ಬರಬಾರದು” ಎಂದರು.

*

ವ್ಯಾನಿನ ಚಾಲಕ ಮೊದಲು ಒಪ್ಪಲಿಲ್ಲ. ಮುಂದೆ ಸೈಕಲ್ ಬಿಟ್ಟುಕೊಂಡು ಹೋದರೆ ನೋಡಿದವರು ನಗುತ್ತಾರೆ ಎಂದ. ಗುಜರಿಯಮ್ಮ, “ನಗಲಿ, ನಾವೂ ಆಗಲೇ ನಕ್ಕಿದ್ದೀವಿ” ಎಂದಳು. ಮಗಳು ಅವನ ಪಕ್ಕದ ಸೀಟಿನಲ್ಲಿ ಬರಿಗಾಲಿನಲ್ಲಿ ಹತ್ತಿ ಕೂತಳು. ಉಳಿದವರು ಹಿಂದೆ ನಡೆದು ಬಂದರು.

ಓಣಿಯಲ್ಲಿ ಚಿಕ್ಕಮ್ಮ ಅಂಕುಡೊಂಕಾಗಿ ಹೋದಳು. ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ಒಮ್ಮೆ ಚರಂಡಿಯ ಅಂಚಿಗೆ ಹೋಗಿ ಕಾಲು ಕೊಟ್ಟು ಉಳಿದಳು. ಅಂಗಡಿಯವರು ಹೊರಗೆ ಬಂದು ನಿಂತರು. ನೀರಿನ ಟ್ಯಾಂಕು ದಾಟಿದ ಮೇಲೆ ರಸ್ತೆ ಇಳಿಯುತ್ತದೆ, ನೆಟ್ಟಗೆ, ಸ್ಮಶಾನದ ಗೇಟಿನವರೆಗೂ. ಅಲ್ಲಿ ಅವಳು ಒಂದು ಗಳಿಗೆ ತಡೆದಳು. ಹಿಂದೆ ತಿರುಗಿ ವ್ಯಾನನ್ನು ನೋಡಿದಳು. ಸೀಟಿನಿಂದ ಎದ್ದು ಪೆಡಲಿನ ಮೇಲೆ ನಿಂತಳು.

“ಹೋದ್ರು” ಎಂದ ಚಾಲಕ.

ನೀಲಿ ಫ್ರೇಮು ಬಿಸಿಲಿನಲ್ಲಿ ಒಮ್ಮೆ ಹೊಳೆದು ಚಿಕ್ಕದಾಗತೊಡಗಿತು. ರಸ್ತೆಯ ಉಬ್ಬು ಸಿಕ್ಕಿದಲ್ಲಿ ಎರಡೂ ಚಕ್ರ ನೆಲ ಬಿಟ್ಟವು. ಅವುಗಳ ಜೊತೆ ಮಗಳೂ ಸೀಟಿನಿಂದ ಎದ್ದಳು. ಚಕ್ರ ಎರಡೂ ಒಟ್ಟಿಗೇ ನೆಲಕ್ಕೆ ತಾಗಿ, ಇನ್ನೂ ಜೋರಾಗಿ ಓಡಿದವು.

“ಹಿಂದೆ ಬೀಳಬೇಡಿ” ಎಂದಳು ಮಗಳು. “ಜೊತೆಗೇ ಹೋಗಿ.”

“ಈ ಗಾಡಿಯಲ್ಲಿ ಎರಡನೇ ಗೇರಿನ ಮೇಲೆ ಹೋಗೋ ಹಾಗಿಲ್ಲಮ್ಮ. ಮರ್ಯಾದೆ ಅಲ್ಲ.”

“ಅಮ್ಮ ಒಳಗಿದ್ದಾಳೆ. ನಾನು ಹೇಳ್ತಿದ್ದೀನಿ. ಹಾಕಿ.”

ಚಾಲಕ ಅವಳ ಮುಖ ನೋಡಿದ. ಮೂರನೇ ಗೇರು ಹಾಕಿದ.

ವ್ಯಾನು ಮುಂದಕ್ಕೆ ನೆಗೆಯಿತು. ಪಕ್ಕದ ಕನ್ನಡಿಯಲ್ಲಿ, ಸಾಲಾಗಿ ತಲೆ ತಗ್ಗಿಸಿ ಬರುತ್ತಿದ್ದವರೆಲ್ಲ ಚೆಲ್ಲಾಪಿಲ್ಲಿಯಾಗಿ ಓಡತೊಡಗಿದರು. ಗುಜರಿಯಮ್ಮ, ವೆಲ್ಡರು, ಒಂದು ಕೈಯಲ್ಲಿ ಕನ್ನಡಕ ಒತ್ತಿಹಿಡಿದ ಮೇಷ್ಟ್ರು. ಅವರೆಲ್ಲರನ್ನೂ ಹಿಂದೆ ಹಾಕಿ, ಜೀವಮಾನವಿಡೀ ಒಂದು ಕುರ್ಚಿಯ ಪಕ್ಕ ನಿಂತೇ ಕಳೆದ ಅಪ್ಪ ಬರುತ್ತಿದ್ದರು. ಅಂಗಿ ಗಾಳಿಗೆ ಉಬ್ಬಿತ್ತು. ಚಾಚಿದ ಅವರ ಕೈಗೂ ವ್ಯಾನಿನ ಹಿಂದಿನ ಬಾಗಿಲ ಹಿಡಿಗೂ ನಡುವೆ ಒಂದು ಗೇಣು ಉಳಿದಿತ್ತು.